ಕ್ರೀಮ್ ನಿಜವಾಗಿ ಚರ್ಮದೊಳಗೆ ಇಳಿಯುತ್ತಾ, ಅದನ್ನು ಹೇಗೆ ಪರೀಕ್ಷೆ ಮಾಡ್ತಾರೆ?

ಚರ್ಮದ ತುಂಡಿನ ಮೇಲೆ ಕ್ರೀಮ್ ಹಚ್ಚಿ, ಅದರ ಕೆಳಗಿರುವ ದ್ರವಕ್ಕೆ ಎಷ್ಟು ಇಳಿಯಿತು ಅಂತ ಅಳೆಯುತ್ತಾರೆ. ಇದಕ್ಕೆ ಬಳಸುವ ಗಾಜಿನ ಪುಟ್ಟ ಸಾಧನ ಫ್ರಾಂಝ್ ಸೆಲ್. ಮೇಲೊಂದು ಗೂಡು, ಕೆಳಗೊಂದು ಗೂಡು, ನಡುವೆ ಚರ್ಮ. ಹಂದಿ ಕಿವಿಯ ಚರ್ಮ ಜಾಸ್ತಿ ಬಳಕೆಯಲ್ಲಿದೆ, ನಮ್ಮದಕ್ಕೆ ಅದು ತುಂಬಾ ಹತ್ತಿರ. ಚರ್ಮವನ್ನು 32 ಡಿಗ್ರಿಯಲ್ಲಿಟ್ಟು, ಸಾಮಾನ್ಯವಾಗಿ 24 ಗಂಟೆ, ಆಗಾಗ ಕೆಳಗಿನ ದ್ರವ ತೆಗೆದು ನೋಡಬೇಕು. ಮೈಸೂರಿನ ಕಾಲೇಜು ಲ್ಯಾಬಿನಲ್ಲಿ ನಾನೂ ಇದನ್ನು ಮಾಡಿದ್ದೇನೆ. ಚರ್ಮದಡಿ ಒಂದು ಗಾಳಿಗುಳ್ಳೆ ಕೂತರೂ ಸಾಕು, ದಿನವಿಡೀ ಮಾಡಿದ ಲೆಕ್ಕ ಹಾಳು!

ಚರ್ಮದಲ್ಲೇ ಉಳಿದದ್ದನ್ನೂ ಅಳೆಯಬೇಕು ಅಲ್ವಾ? ಅದಕ್ಕೆ ಅಂಟುಟೇಪು ಒತ್ತಿ, ಮೇಲ್ಪದರವನ್ನು ಸ್ವಲ್ಪ ಸ್ವಲ್ಪವೇ ಕಿತ್ತು ಪರೀಕ್ಷಿಸುತ್ತಾರೆ.

ಎಲ್ಲವೂ ಯಾಕೆ ಇಳಿಯಲ್ಲ ಅಂದರೆ, ಆ ಮೇಲ್ಪದರ ಇಟ್ಟಿಗೆ ಗೋಡೆಯ ಹಾಗೆ. ಸತ್ತ ಕೋಶಗಳೇ ಇಟ್ಟಿಗೆ, ನಡುವಿನ ಕೊಬ್ಬೇ ಗಾರೆ. ಅಣುವಿನ ತೂಕ ಸುಮಾರು 500 ಡಾಲ್ಟನ್ (ಅಣುಗಳ ತೂಕದ ಅಳತೆ) ದಾಟಿದರೆ ಆ ಗಾರೆಯಲ್ಲಿ ನುಸುಳುವುದು ಬಹಳ ಕಷ್ಟ. ಕ್ರೀಮುಗಳಲ್ಲಿ ಹಾಕುವ ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) 122, ಹಾಗಾಗಿ ನುಸುಳಬಲ್ಲದು. ಕೊಲಾಜನ್ ಎಂಬ ಪ್ರೋಟೀನು ಸುಮಾರು 3 ಲಕ್ಷ, ಅದು ಮೇಲೆಯೇ ಕೂರುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಕೊಂಡ ಗಂಧದೆಣ್ಣೆ ಸಂಜೆವರೆಗೂ ಘಮ್ಮೆಂದರೆ, ಒಂದಷ್ಟು ಇನ್ನೂ ಚರ್ಮದ ಮೇಲಿಂದ ಆವಿಯಾಗುತ್ತಿದೆ ಅಂತಲೇ ಅರ್ಥ.