ಹೂಪಾತಿಯಲ್ಲಿ ಕೊನ್ನಾರಿ ಕಿತ್ತಷ್ಟೂ ಹೆಚ್ಚುತ್ತಿದೆ, ಏನು ಮಾಡಲಿ?

ದಾಸವಾಳ, ಸೇವಂತಿಗೆ, ಕಾಬಾಳೆ ಇರುವ ಪಾತಿಯಲ್ಲಿ ತಿಂಗಳಿಗೊಮ್ಮೆ ಕೊನ್ನಾರಿ ಕೀಳುತ್ತಿದ್ದೀರಿ, ಆದರೂ ಅದು ಮುಂಚಿಗಿಂತ ದಟ್ಟವಾಗಿದೆ ಅಂದಿದ್ದೀರಿ. ನಿಮ್ಮ ಶ್ರಮ ಕಡಿಮೆಯೇನಲ್ಲ. ಕೀಳುವ ರೀತಿ, ಆ ತಿಂಗಳ ಅಂತರ, ಎರಡೂ ಕಳೆಗೇ ಅನುಕೂಲವಾಗಿವೆ.

ಮೊದಲು ಕೊನ್ನಾರಿಯೇ ಹೌದೋ ನೋಡಿಕೊಳ್ಳಿ. ಹೂದಂಟನ್ನು ಬೆರಳುಗಳ ನಡುವೆ ಉರುಳಿಸಿದರೆ ಮೂರು ಏಣು ಸಿಗಬೇಕು. ನೆಲದ ಮೇಲೆ ಹಬ್ಬಿ, ಗೆಣ್ಣುಗೆಣ್ಣಿಗೂ ಬೇರು ಬಿಟ್ಟಿದ್ದರೆ ಅದು ಗರಿಕೆ.

ಈಗ ಒಂದು ಗಿಡದ ಸುತ್ತ ಮಣ್ಣನ್ನು ಮೆಲ್ಲಗೆ ಬಿಡಿಸಿ. ಎಲೆಯ ಬುಡದಲ್ಲಿ ಸಣ್ಣ ಉಬ್ಬು, ಅಲ್ಲಿಂದ ತಂತಿಯಂಥ ಎಳೆ, ಆ ಎಳೆಯಲ್ಲಿ ಜಪಸರದ ಹಾಗೆ ಕಪ್ಪು ಗಡ್ಡೆಗಳು. ಸರ ಅಖಂಡವಾಗಿದ್ದರೆ ಚಿಗುರಿರುವ ಗಡ್ಡೆ ಉಳಿದವುಗಳನ್ನು ಮಲಗಿಸಿಟ್ಟಿರುತ್ತದೆ. ಎಲೆ ಹಿಡಿದು ಜಗ್ಗಿದರೆ ಎಳೆ ಹರಿದು ಮಲಗಿದ್ದವೂ ಚಿಗುರುತ್ತವೆ. ಸಲಿಕೆಯಿಂದ ಕಡಿದರೂ ಇದೇ ಗತಿ.

ಹಾಗಾಗಿ ಮಣ್ಣು ಎಬ್ಬಿಸುವ, ಉದ್ದ ಹಲ್ಲುಗಳಿರುವ ತೋಟದ ಫೋರ್ಕ್ ಬಳಸಿ. ಹೆಚ್ಚಿನ ಗಡ್ಡೆಗಳು ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ಮಣ್ಣು ಹದವಾಗಿದ್ದಾಗ 20 ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಮೇಲೆತ್ತಿ, ಕೈಯಲ್ಲೇ ಪುಡಿಮಾಡಿ ಆರಿಸಿ. ದಾಸವಾಳದ ಬುಡದ ಹತ್ತಿರ ಮಾತ್ರ ಇಷ್ಟು ಆಳ ಬೇಡ, ಬೇರು ಕಿತ್ತುಬರುತ್ತದೆ.

ನಿಜವಾದ ಕಷ್ಟ ಸೇವಂತಿಗೆ, ಕಾಬಾಳೆಯ ಹಿಂಡಿಲಿನಲ್ಲಿದೆ. ಕೊನ್ನಾರಿಯ ಎಳೆ ಅವುಗಳ ಬೇರಿನೊಳಗೇ ಹೊಕ್ಕಿರುತ್ತದೆ. ಹೊರಗೆ ಎಷ್ಟು ಕೆದಕಿದರೂ ಅಲ್ಲಿಂದ ಮತ್ತೆ ಹೊರಡುತ್ತದೆ. ಹೂ ಮುಗಿದ ಮೇಲೆ ಹಿಂಡಿಲನ್ನು ಪೂರ್ತಿ ಎಬ್ಬಿಸಿ, ಬಕೆಟ್ ನೀರಿನಲ್ಲಿ ಮಣ್ಣೆಲ್ಲ ತೊಳೆದು, ಬೇರಿನ ನಡುವಿನ ಗಡ್ಡೆಗಳನ್ನು ಒಂದೊಂದಾಗಿ ಬಿಡಿಸಿ. ಕೂಡಲೇ ಪಾತಿಗೆ ಹಾಕಬೇಡಿ. ಮೂರು ನಾಲ್ಕು ವಾರ ಕುಂಡದಲ್ಲಿಡಿ. ತಪ್ಪಿಸಿಕೊಂಡ ಗಡ್ಡೆ ಅಷ್ಟರಲ್ಲಿ ಸೂಜಿಯಂಥ ಚಿಗುರು ತೋರಿಸುತ್ತದೆ.

ಆಮೇಲಿನದೆಲ್ಲ ಕ್ಯಾಲೆಂಡರಿನ ಕೆಲಸ. ಚಿಗುರು ನೆಲದಿಂದ ಬಂದ ಮೂರು ನಾಲ್ಕು ವಾರದಲ್ಲೇ ಹೊಸ ಗಡ್ಡೆ ಕಟ್ಟಲು ಶುರುಮಾಡಬಹುದು. ಆದ್ದರಿಂದ 10-14 ದಿನಕ್ಕೊಮ್ಮೆ, ಐದಾರು ಎಲೆ ಬರುವ ಮುಂಚೆ, ಚಿಗುರನ್ನು ಗಡ್ಡೆಸಮೇತ ತೆಗೆಯಿರಿ. ಗಡ್ಡೆ ಸಿಗದಿದ್ದರೂ ಚಿಗುರನ್ನು ಬಿಡಬೇಡಿ; ಪ್ರತಿ ಸಲ ಚಿಗುರಿದಾಗಲೂ ಗಡ್ಡೆಯ ಸಂಗ್ರಹ ಕರಗುತ್ತದೆ. ಒಂದು ಸುತ್ತು ತಪ್ಪಿದರೆ ಹಿಂದಿನ ದುಡಿಮೆಯ ಬಹುಪಾಲು ನಷ್ಟ. ಎರಡು ವರ್ಷ ಬೇಕಾಗಬಹುದು, ಅದಕ್ಕೆ ಮನಸ್ಸು ಗಟ್ಟಿಮಾಡಿಕೊಳ್ಳಿ.

ಕಪ್ಪು ಪ್ಲಾಸ್ಟಿಕ್ ಹೊದಿಕೆಗೆ ದುಡ್ಡು ಹಾಕಬೇಡಿ, ಕೊನ್ನಾರಿ ಚಿಗುರಿನ ಮೊನೆ ಅದನ್ನು ತೂತು ಮಾಡಿಕೊಂಡು ಬರುತ್ತದೆ. ಎರಡು ಪದರ ರಟ್ಟು, ಮೇಲೆ 8 ಸೆಂಟಿಮೀಟರ್ ಒಣ ಎಲೆ ಹಾಕಿದರೆ ಪೂರ್ತಿ ತಡೆಯದಿದ್ದರೂ ಚಿಗುರು ಸೊರಗುತ್ತದೆ. ಗಿಡದ ಕಾಂಡಕ್ಕೆ ಹೊದಿಕೆ ತಾಗದಿರಲಿ. ಕೊನ್ನಾರಿಗೆ ನೆರಳು ಆಗದು, ಹಾಗಾಗಿ ಖಾಲಿ ಜಾಗದಲ್ಲಿ ಒತ್ತೊತ್ತಾಗಿ ಗಿಡ ನೆಡಿ.

ಗ್ಲೈಫೋಸೇಟ್ ಎಂಬ ಕಳೆನಾಶಕ ಸಿಂಪಡಿಸುವ ಯೋಚನೆಯಿದ್ದರೆ ಈ ಪಾತಿಯಲ್ಲಿ ಬೇಡ. ಹನಿ ತಾಗಿದ ಹೂಗಿಡವೂ ಸಾಯಬಹುದು, ಮಲಗಿರುವ ಗಡ್ಡೆಗೆ ಮಾತ್ರ ಅದು ಮುಟ್ಟುವುದಿಲ್ಲ.

ತೆಗೆದ ಗಡ್ಡೆ ಗೊಬ್ಬರದ ಗುಂಡಿಗೆ ಹೋಗಬಾರದು, ಅಲ್ಲಿ ಬದುಕಿ ಗೊಬ್ಬರದ ಜೊತೆಗೇ ಪಾತಿಗೆ ವಾಪಸ್ ಬರುತ್ತದೆ. ಸಿಮೆಂಟ್ ನೆಲದ ಮೇಲೆ ತೆಳುವಾಗಿ ಹರಡಿ ಎರಡು ವಾರ ಬಿಸಿಲಲ್ಲಿ ಒಣಗಿಸಿ. ಮಳೆ ಬಂದರೆ ಒಳಗಿಡಿ. ನರ್ಸರಿಯಿಂದ ಹೊಸ ಗಿಡ ತಂದಾಗಲೂ ಕುಂಡದ ಮಣ್ಣು ಕೆದಕಿ ನೋಡಿಯೇ ನೆಡಿ.