ಒಬ್ಬ ಏಸಾವ, ಇನ್ನೊಬ್ಬ ಯಾಕೋಬ: ಅವಳಿ ಮಕ್ಕಳ ತಂದೆಯೊಬ್ಬರ ಆಪ್ತಸಲಹೆ ಪ್ರಕರಣ

(ಕುಟುಂಬದ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ. ಬರೆಯುವುದಕ್ಕೆ ತಂದೆ ತಾಯಿ ಇಬ್ಬರೂ ಒಪ್ಪಿದ್ದಾರೆ.)

ಮೂರೂವರೆ ವರ್ಷದ ಅವಳಿ ಗಂಡುಮಕ್ಕಳ ತಂದೆಯಾದ ಇವರು ಸಲಹೆ ಕೇಳಿ ಬಂದದ್ದು ತಮ್ಮ ಸಿಟ್ಟಿನ ಬಗ್ಗೆ. ಕ್ರೈಸ್ತ ವಿಶ್ವಾಸದಲ್ಲಿ ಬೆಳೆದವರು. ರಾತ್ರಿ ಮಲಗುವ ಮುನ್ನ ಮನೆಮಂದಿಯೆಲ್ಲ ಕೂಡಿ ಪ್ರಾರ್ಥಿಸುವುದು, ಭಾನುವಾರ ಆರಾಧನೆಗೆ ತಪ್ಪದೆ ಹೋಗುವುದು ಅವರಿಗೆ ಬದುಕಿನ ಅಂಗವೇ ಆಗಿತ್ತು. ಆ ಪ್ರಾರ್ಥನೆಯ ಹೊತ್ತೇ ಈಗ ದಿನದ ಅತ್ಯಂತ ಕಠಿಣ ಗಳಿಗೆಯಾಗಿದೆ ಎಂದರು. ಕೆಲವು ನಿಮಿಷ ಮೊದಲು ಹುಟ್ಟಿದವನು ಕೂರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ತಡೆದರೆ ರಚ್ಚೆ ಹಿಡಿಯುತ್ತಾನೆ, ತಮ್ಮನನ್ನು ಕಚ್ಚುತ್ತಾನೆ. ಕಿರಿಯವನು ಕೈಜೋಡಿಸಿ, ಕಣ್ಣುಮುಚ್ಚಿ, ಕೊನೆಗೆ "ಆಮೆನ್" ಎನ್ನುತ್ತಾನೆ. ಹಿಂದಿನ ವಾರ ಹಿರಿಯವನಿಗೆ ಬಲವಾಗಿ ಹೊಡೆದುಬಿಟ್ಟಿದ್ದರು. ಅದನ್ನು ಹೇಳುವಾಗ ತಲೆ ಎತ್ತಲಿಲ್ಲ.

"ಒಂದೇ ಬಸಿರು, ಒಂದೇ ಮನೆ, ಒಂದೇ ಬೋಧನೆ. ಆದರೂ ಇವನೊಬ್ಬ ಹೀಗೆ ಎಂದರೆ, ದೋಷ ಅವನ ಹೃದಯದಲ್ಲೇ ಇದೆ ಅಂತಲ್ಲವೇ?" ಎಂದು ಕೇಳಿದರು. ಮನೆಯಲ್ಲಿ ಹಿರಿಯವನನ್ನು ತಮಾಷೆಗೆ ಏಸಾವ ಎಂದೂ ಕಿರಿಯವನನ್ನು ಯಾಕೋಬ ಎಂದೂ ಕರೆಯುವ ರೂಢಿ ಬಿದ್ದಿತ್ತು; ಇವು ಬೈಬಲಿನಲ್ಲಿ ಬರುವ ಅವಳಿ ಅಣ್ಣತಮ್ಮಂದಿರ ಹೆಸರುಗಳು. ಮಾತು ಮುಂದುವರಿದಂತೆ ಅದು ಬರೀ ತಮಾಷೆಯಲ್ಲವೆಂಬುದು ತಿಳಿಯಿತು. ಯಾಕೋಬನನ್ನು ಪ್ರೀತಿಸಿ ಏಸಾವನನ್ನು ದ್ವೇಷಿಸಿದೆನೆಂಬ, ಬೈಬಲಿನ ರೋಮಾಪುರದವರಿಗೆ ಬರೆದ ಪತ್ರದ 9ನೆಯ ಅಧ್ಯಾಯದಲ್ಲಿ ಬರುವ ದೇವರ ಮಾತು ಅವರನ್ನು ಕಾಡುತ್ತಿತ್ತು. ತಮ್ಮ ಮಕ್ಕಳಲ್ಲಿ ಒಬ್ಬನು ಹುಟ್ಟುವ ಮೊದಲೇ ತಿರಸ್ಕೃತನೋ ಎಂಬ ಭಯ ಅವರಿಗಿತ್ತು. ನನ್ನ ತಿಳಿವಿನಲ್ಲಿ ಸಿಟ್ಟಿನ ಬೇರು ಇರುವುದು ಇಲ್ಲಿಯೇ. ಮಗುವಿನ ಹಟವನ್ನು ಹಟವೆಂದಷ್ಟೇ ನೋಡುವವರು ದಣಿಯುತ್ತಾರೆ. ಅದರಲ್ಲಿ ಮಗುವಿನ ನಿತ್ಯಭವಿಷ್ಯವನ್ನೇ ಓದುವವರು ಹೆದರುತ್ತಾರೆ, ಹೆದರಿದವರ ಕೈ ಬೇಗ ಮೇಲೇಳುತ್ತದೆ.

ಮನುಷ್ಯರ ಗತಿಯನ್ನು ದೇವರು ಮೊದಲೇ ನಿರ್ಧರಿಸಿದ್ದಾನೆಂಬ ದೈವಸಂಕಲ್ಪದ ಸಿದ್ಧಾಂತವನ್ನು ವಿವರಿಸುವುದು ನನ್ನ ಕೆಲಸವಲ್ಲ. ಅದನ್ನು ಅವರ ಸಭಾಪಾಲಕರ ಬಳಿ ಮುಚ್ಚುಮರೆಯಿಲ್ಲದೆ ಚರ್ಚಿಸುವಂತೆ ಹೇಳಿದೆ. ಆದರೆ ಒಬ್ಬರ ನಂಬಿಕೆಯನ್ನು ಬದಿಗಿಟ್ಟು ಅವರ ಸಂಸಾರದ ಬಗ್ಗೆ ಮಾತಾಡುವುದು ಸಾಧ್ಯವಿಲ್ಲವಾದ್ದರಿಂದ, ಆ ಅವಳಿಗಳ ಕಥೆಯನ್ನು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 25ನೆಯ ಅಧ್ಯಾಯದಿಂದ 33ರವರೆಗೆ, ಮಕ್ಕಳ ಮೇಲಲ್ಲ, ತಂದೆತಾಯಿಯ ಮೇಲೆ ಕಣ್ಣಿಟ್ಟು ಮತ್ತೊಮ್ಮೆ ಓದಿ ಬರಲು ಕೇಳಿಕೊಂಡೆ. ತಂದೆ ಇಸಾಕನಿಗೆ ಏಸಾವನ ಮೇಲೆ ಪ್ರೀತಿ, ತಾಯಿ ರೆಬೆಕ್ಕಳಿಗೆ ಯಾಕೋಬನ ಮೇಲೆ ಪ್ರೀತಿ ಎಂದು ಅಲ್ಲಿ ನೇರವಾಗಿಯೇ ಬರೆದಿದೆ. ಆ ಪಕ್ಷಪಾತದ ಬೆನ್ನಲ್ಲೇ ಮೋಸ ಬರುತ್ತದೆ, ಕೊಲ್ಲುವ ಮಾತು ಬರುತ್ತದೆ, ಕಿರಿಯ ಮಗ ಊರು ಬಿಟ್ಟು ಓಡುತ್ತಾನೆ. 33ನೆಯ ಅಧ್ಯಾಯದಲ್ಲಿ ಎದುರಿಗೆ ಓಡಿಬಂದು ತಮ್ಮನನ್ನು ತಬ್ಬಿಕೊಂಡು ಅಳುವವನು ಏಸಾವನೇ. ಮುಂದಿನ ಭೇಟಿಯಲ್ಲಿ ಆ ತಂದೆ, ಇಷ್ಟು ವರ್ಷ ಓದಿದ್ದರೂ ಆ ಅಪ್ಪುಗೆಯನ್ನು ತಾವು ಗಮನಿಸಿರಲಿಲ್ಲವೆಂದರು. ಅವರ ಮನೆಯಲ್ಲೂ ಪಾಲು ಆಗಿಹೋಗಿತ್ತು: ಗಂಡ ಹಿರಿಯವನನ್ನು ಗದರಿದಷ್ಟೂ ಹೆಂಡತಿ ಅವನನ್ನು ಅಪ್ಪಿಕೊಳ್ಳುತ್ತಿದ್ದರು, ಕಿರಿಯವನು ತಂದೆಯ ಮಗನಾಗಿದ್ದ.

ಇನ್ನು "ಒಂದೇ ಬಸಿರು" ಎಂಬ ವಾದ. ಈ ಮಕ್ಕಳು ಎರಡು ಬೇರೆ ಅಂಡಾಣುಗಳಿಂದ ಹುಟ್ಟಿದ ಅವಳಿಗಳು. ಇಂಥವರ ಆನುವಂಶಿಕ ಹೋಲಿಕೆ ಸರಾಸರಿಯಲ್ಲಿ ಬೇರೆ ಬೇರೆ ವರ್ಷ ಹುಟ್ಟಿದ ಒಡಹುಟ್ಟಿದವರಷ್ಟೇ ಇರುತ್ತದೆ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿ ದಶಕಗಳ ಕಾಲ ನಡೆಸಿದ ಅಧ್ಯಯನವು, ಚಟುವಟಿಕೆಯ ಮಟ್ಟ, ಹೊಸದಕ್ಕೆ ಹೊಂದಿಕೊಳ್ಳುವ ರೀತಿ, ಭಾವನೆಯ ತೀವ್ರತೆ ಇವುಗಳಲ್ಲಿ ಶಿಶುಗಳು ಎಳವೆಯಲ್ಲೇ ಭಿನ್ನವಾಗಿರುತ್ತವೆಂದೂ, ಮುಂದೆ ಮಗು ಹೇಗೆ ಬೆಳೆಯುತ್ತದೆಂಬುದು ಆ ಸ್ವಭಾವಕ್ಕೂ ಮನೆಯವರ ನಿರೀಕ್ಷೆಗೂ ಎಷ್ಟರಮಟ್ಟಿಗೆ ಹೊಂದಿಕೆಯಾಗುತ್ತದೆಂಬುದನ್ನು ಅವಲಂಬಿಸಿದೆಯೆಂದೂ ತೋರಿಸಿತು. ಓಡಾಡುವ ಸ್ವಭಾವದ ಮಗುವನ್ನು ಅರ್ಧ ಗಂಟೆ ಅಲುಗಾಡದೆ ಕೂರಿಸಿದರೆ ಅದು ಸೋಲುವುದು ಖಚಿತ. ಆ ಸೋಲಿಗೆ ದಂಗೆಯೆಂದು ಹೆಸರಿಡುವುದು ಅನ್ಯಾಯ.

ಮತ್ತೊಂದು ಸಂಗತಿ ವಿಚಾರಿಸಿದಾಗ ಹೊರಬಂತು. ಹಿರಿಯವನು ಇನ್ನೂ ಎರಡು ಮೂರು ಪದಗಳ ವಾಕ್ಯದಲ್ಲೇ ಇದ್ದಾನೆ, ಅವನ ಪರವಾಗಿ ತಮ್ಮನೇ ಮಾತಾಡುತ್ತಾನೆ. ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದ್ದರು. ಅವಳಿಗಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಮಾತು ತಡವಾಗುವುದು ಅಪರೂಪವಲ್ಲ. ಅವಧಿಗೆ ಮುನ್ನ ಹುಟ್ಟುವುದೂ, ಹಿರಿಯರ ಮಾತುಕತೆ ಇಬ್ಬರ ನಡುವೆ ಹಂಚಿಹೋಗುವುದೂ ಅದಕ್ಕೆ ಕಾರಣವಾಗಬಲ್ಲವು. ಬೇಕಾದ್ದನ್ನು ಹೇಳಲು ಮಾತಿಲ್ಲದ ಮಗು ಹಲ್ಲಿನಿಂದ ಹೇಳುತ್ತದೆ. ತಡಮಾಡದೆ ಮಕ್ಕಳ ವೈದ್ಯರನ್ನು ಕಂಡು ಶ್ರವಣ ಪರೀಕ್ಷೆಯನ್ನೂ ವಾಕ್ ತಜ್ಞರಿಂದ ತಪಾಸಣೆಯನ್ನೂ ಮಾಡಿಸಬೇಕೆಂದು ಒತ್ತಿ ಹೇಳಿದೆ.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಆ ಎರಡು ಅಡ್ಡಹೆಸರುಗಳನ್ನು ಪೂರ್ತಿ ಬಿಡುವುದು. ಅಜ್ಜ ಅಜ್ಜಿಯರೂ ಸಭೆಯ ಬಂಧುಗಳೂ ಅವನ್ನು ಬಳಸದಂತೆ ನೋಡಿಕೊಳ್ಳುವುದು. "ತಮ್ಮನನ್ನು ನೋಡಿ ಕಲಿ" ಎಂಬ ಮಾತೂ ನಿಲ್ಲಬೇಕು, ಏಕೆಂದರೆ ಅದು ಹಿರಿಯವನನ್ನು ಕುಗ್ಗಿಸುವಷ್ಟೇ ಕಿರಿಯವನ ಮೇಲೂ ಭಾರ ಹೇರುತ್ತದೆ. ಕುಟುಂಬ ಪ್ರಾರ್ಥನೆಯನ್ನು ಮಕ್ಕಳ ಮಟ್ಟಿಗೆ ಒಂದು ಹಾಡು, ಒಂದು ಸಾಲಿನ ಪ್ರಾರ್ಥನೆಗೆ ಇಳಿಸಿ, ಹಿರಿಯವನಿಗೆ ಹಾಡಿನ ಹೊತ್ತಿನಲ್ಲಿ ಕುಣಿಯಲು ಬಿಡುವುದು. ದಂಪತಿಯ ದೀರ್ಘ ಪ್ರಾರ್ಥನೆ ಮಕ್ಕಳು ಮಲಗಿದ ಮೇಲೆ. ಪ್ರತಿದಿನ ಸ್ವಲ್ಪ ಹೊತ್ತು ತಂದೆ ಒಬ್ಬನೇ ಮಗನೊಂದಿಗೆ ಇರುವುದು, ಮರುದಿನ ಇನ್ನೊಬ್ಬನೊಂದಿಗೆ. ಅವಳಿಗಳಿಗೆ ಎಲ್ಲಕ್ಕಿಂತ ದುರ್ಲಭವಾದದ್ದು ಹಂಚಿಕೊಳ್ಳಬೇಕಿಲ್ಲದ ಅಪ್ಪ.

ಕಚ್ಚಿದಾಗ ಮೊದಲು ಕಚ್ಚಿಸಿಕೊಂಡವನನ್ನು ಸಂತೈಸಿ, ಬಳಿಕ ಹಿರಿಯವನ ಕಣ್ಣಿನ ಮಟ್ಟಕ್ಕೆ ಬಗ್ಗಿ "ಕಚ್ಚಬಾರದು, ನೋವಾಗುತ್ತದೆ" ಎಂದಷ್ಟೇ ಹೇಳಿ, ಅವನಿಗೆ ಬೇಕಿದ್ದದ್ದನ್ನು ಮಾತಿನಲ್ಲಿ ಕೇಳಲು ಹೇಳಿಕೊಡುವುದು. ಇಲ್ಲಿ ಅವರು ತಡೆದರು: "ಬೆತ್ತ ಹಿಡಿಯದವನು ಮಗನಿಗೆ ಶತ್ರು ಎಂದು ಬೈಬಲಿನ ಜ್ಞಾನೋಕ್ತಿಯಲ್ಲಿದೆಯಲ್ಲ. ಶಿಸ್ತೇ ಬೇಡವೆನ್ನುತ್ತೀರಾ?" ಬೇಕೇ ಬೇಕು ಎಂದೆ. ತಂದೆಗಳು ಮಕ್ಕಳನ್ನು ಕೆಣಕಿ ಮನಗುಂದಿಸಬಾರದೆಂದು ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೆಯ ಅಧ್ಯಾಯದಲ್ಲಿರುವುದನ್ನೂ ಅವರ ನೆನಪಿಗೆ ತಂದೆ. ಹೊಡೆತ ತಿಂದ ಮಕ್ಕಳಲ್ಲಿ ಆಕ್ರಮಣದ ವರ್ತನೆ ಹೆಚ್ಚುತ್ತದೆಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಕಚ್ಚುವ ಮಗುವಿಗೆ ಹೊಡೆದು ಕಚ್ಚಬಾರದೆಂದು ಕಲಿಸಲಾಗದು.

ಅವರ ಸ್ವಂತ ಆಯಾಸದ ಬಗ್ಗೆಯೂ ಕೇಳಿದೆ. ನಿದ್ರೆಗೆಟ್ಟ ವರ್ಷಗಳು ಅವಳಿಗಳ ತಂದೆತಾಯಿಯರನ್ನು ಖಿನ್ನತೆಯತ್ತ ತಳ್ಳಬಲ್ಲವು. ತಂದೆಯರಲ್ಲಿ ಅದು ಎಷ್ಟೋ ಸಲ ಸಿಟ್ಟಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ರಾತ್ರಿ ಏಳುವ ಸರದಿಯನ್ನು ದಂಪತಿ ಹಂಚಿಕೊಂಡರು. ಕೈ ಎತ್ತುವಷ್ಟು ಸಿಟ್ಟು ಬಂದಾಗ ಹೆಂಡತಿಗೆ ಹೇಳಿ ಆ ಕೋಣೆಯಿಂದ ಹೊರಗೆ ಬರುವುದೆಂದು ಒಪ್ಪಂದವಾಯಿತು.

ತಿಂಗಳುಗಳು ಕಳೆದ ಮೇಲಿನ ಸ್ಥಿತಿ ಹೀಗಿದೆ. ಹಿರಿಯವನ ಶ್ರವಣ ಸರಿಯಾಗಿದೆ, ವಾಕ್ ಚಿಕಿತ್ಸೆ ನಡೆಯುತ್ತಿದೆ, ಕಚ್ಚುವುದು ಕಡಿಮೆಯಾಗಿದೆ, ನಿಂತಿಲ್ಲ. ತಂದೆ ಮತ್ತೆ ಹೊಡೆದಿಲ್ಲ. ಹೊಸ ಚಿಂತೆಯೆಂದರೆ, ಕಿರಿಯವನು ಈಗ ಪ್ರಾರ್ಥನೆಯ ಹೊತ್ತಿನಲ್ಲಿ "ಬೇಡ" ಎನ್ನತೊಡಗಿದ್ದಾನೆ. ಇದನ್ನು ನಾನು ಹಿನ್ನಡೆಯೆಂದು ಎಣಿಸುವುದಿಲ್ಲ. ಅಪ್ಪನ ಮೆಚ್ಚುಗೆ ಕೈತಪ್ಪೀತೆಂದು ಅಡಗಿಸಿಟ್ಟಿದ್ದ ಹಟವನ್ನು ಆ ಮಗು ಈಗ ಧೈರ್ಯದಿಂದ ತೋರಿಸುತ್ತಿದೆ. ಅಣ್ಣನಿಗೆ ಕೊಟ್ಟ ಸಮಾಧಾನದ ಉತ್ತರವನ್ನೇ ಇವನಿಗೂ ಕೊಡಿ, "ನೀನೂ ಅವನಂತಾದೆಯಾ" ಎಂಬ ಮಾತು ಮಾತ್ರ ಬಾಯಿಂದ ಬರದಿರಲಿ ಎಂದು ಹೇಳಿ, ಮುಂದಿನ ಭೇಟಿಗೆ ದಂಪತಿ ಇಬ್ಬರೂ ಬರುವಂತೆ ಕೇಳಿಕೊಂಡಿದ್ದೇನೆ.