ಬ್ರಾಡ್ ಬೀನ್ಸ್ ನಮ್ಮ ಅವರೆನಾ?

ಪ್ರಶ್ನೆ: ಮಗ ಬೆಂಗಳೂರಿಂದ ಬ್ರಾಡ್ ಬೀನ್ಸ್ ಕಾಳು ತಂದಿದ್ದಾನೆ. ದಪ್ಪ ಅವರೆಕಾಳಿನ ಥರಾನೇ ಇದೆ. ಹೊಲಕ್ಕೆ ಹಾಕಬಹುದಾ?
– ಓದುಗರು, ಚಿಂತಾಮಣಿ

ಉತ್ತರ: ಇದು ಅವರೆ ಅಲ್ಲ, ಬೇರೆಯೇ ಗಿಡ. ಬಳ್ಳಿಯಾಗಿ ಹಬ್ಬುವುದಿಲ್ಲ, ನಾಲ್ಕು ಮೂಲೆಯ ಕಾಂಡ ನೆಟ್ಟಗೆ ನಿಲ್ಲುತ್ತದೆ, ಬಿಳಿ ಹೂವಿನ ಮೇಲೆ ಕಪ್ಪು ಮಚ್ಚೆ ಇರುತ್ತದೆ, ಕಾಯಿ ಬಿಡಿಸಿದರೆ ಒಳಗೆ ಹತ್ತಿಯಂಥ ಮೆತ್ತನೆ ಪದರ. ನಮ್ಮ ಅವರೆಯ ಹಾಗೆ ಕೈಗೆ ಅಂಟುವ ಸೊಗಡು ಇದಕ್ಕೆಲ್ಲಿ ಬರಬೇಕು! ಅತಿ ಹೆಚ್ಚು ಬೆಳೆಯುವುದು ಚೀನಾ, ಇಥಿಯೋಪಿಯಾದಲ್ಲೂ ಜಾಸ್ತಿ. ಇದಕ್ಕೆ ತಂಪು ಬೇಕು, ಬಿಸಿಲೇರಿದರೆ ಹೂ ಉದುರುತ್ತದೆ. ಹಾಗಾಗಿ ಅಕ್ಟೋಬರ್ ಕೊನೆಗೆ ಸುಮ್ನೆ ಒಂದು ಸಾಲು ಹಾಕಿ ನೋಡಿ, ಇಡೀ ಹೊಲಕ್ಕೆ ಬೇಡ. ಇನ್ನೊಂದು ಮಾತು, ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ, ಅಂದರೆ ಎನ್‌ಜೈಮ್) ಕೊರತೆ ಇರುವವರು ಇದನ್ನು ತಿನ್ನಲೇಬಾರದು, ಕೆಂಪು ರಕ್ತಕಣಗಳು ಒಡೆಯುತ್ತವೆ.